ವಾಯರ್ ಬಿಡುವತನಕ ಉಪ್ಪಿಲ್ಲ

ಮೂಡಲಗಿಯ ಜಿನಪ್ಪನ ಮನೆಯಲ್ಲಿ ೨೦೦೪ನೇ ಇಸವಿಯ ಗಣಪತಿ ಹಬ್ಬದಿಂದ ಅಡುಗೆಯ ರೀತಿಯೇ ಬದಲಾಯಿತು. ಬೇಳೆ ಕುದಿದರೆ ಮೊದಲು ಒಂದು ಸೌಟು ಸ್ಟೀಲಿನ ಬಟ್ಟಲಿಗೆ ಹೋಗುತ್ತಿತ್ತು, ಆಮೇಲೆ ಉಳಿದದ್ದಕ್ಕೆ ಉಪ್ಪು ಬೀಳುತ್ತಿತ್ತು. ಪಲ್ಯಕ್ಕೂ ಅದೇ, ಮಜ್ಜಿಗೆಗೂ ಅದೇ. ಬಟ್ಟಲು ಜಿನಪ್ಪನ ಹೆಂಡತಿ ಸರಿತಾಳದು. ಅಡುಗೆ ಮಾಡುವವಳೂ ಅವಳೇ, ಉಪ್ಪು ಬಿಟ್ಟವಳೂ ಅವಳೇ. ರುಚಿ ನೋಡದೆ ಕೈ ಅಂದಾಜಿನಲ್ಲಿ ಉಪ್ಪು ಹಾಕಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಒಂದು ದಿನ ಸಾರು ಸಪ್ಪೆ, ಮರುದಿನ ಬಾಯಿಗಿಡಲಾರದಷ್ಟು ಉಪ್ಪು.

“ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ,” ಎಂದು ಅತ್ತೆ ಬಾಳವ್ವ ತಾಟು ಸರಿಸಿದಳು. “ಈ ಮನ್ಯಾಗ ತಾಯಿನ ಉಪ್ಪ ಬಿಟ್ಟ ಕುಂತಾಳ. ಇನ್ನ ಯಾರಿಗೆ ಹೇಳೂದು?” ಎಪ್ಪತ್ತೆಂಟು ವರ್ಷದ ಬಾಳವ್ವನಿಗೆ ಹಲ್ಲೆಲ್ಲ ಹೋಗಿ ನಾಲಿಗೆಯೊಂದೇ ಉಳಿದಿತ್ತು. ಅದು ರುಚಿಗೂ ಚುರುಕು, ಮಾತಿಗೂ ಚುರುಕು.

ಅಂದಿನಿಂದ ಉಪ್ಪು ನೋಡುವ ಕೆಲಸ ಮಗಳು ಶ್ರದ್ಧಾಳ ಪಾಲಿಗೆ ಬಂತು. ಗೋಕಾಕಿನಲ್ಲಿ ಬಿ.ಎಡ್. ಓದುತ್ತಿದ್ದ ಹುಡುಗಿ, ಬೆಳಗಿನ ಬಸ್ಸಿಗೆ ಓಡುವ ಮುಂಚೆ ಅಂಗೈಗೆ ಸಾರು ಹಾಕಿಸಿಕೊಂಡು ನೆಕ್ಕಿ, ಸಾಕು ಅಥವಾ ಇನ್ನೊಂದಿಷ್ಟು ಬೇಕು ಎಂದು ಹೇಳಿಯೇ ಚಪ್ಪಲಿ ಮೆಟ್ಟಬೇಕು. ಬಸ್ಸು ತಪ್ಪಿದ ದಿನ ಅವಳು ಬೈಯುತ್ತಿದ್ದದ್ದು ಅವ್ವನನ್ನಲ್ಲ, ಅಣ್ಣನನ್ನು.

ಕಾರಣ ಅಣ್ಣನೇ. ಇಪ್ಪತ್ತಾರು ವರ್ಷದ ವೃಷಭ ಗೋಕಾಕಿನ ರಾಜಪ್ಪನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದ. ಗಣಪತಿ ಕೂರಿಸಿದ ಐದನೇ ದಿನ ಮೇಲವಂಕಿಯಲ್ಲಿ ಕಾರ್ಯಕ್ರಮ. ಕಬ್ಬಿಣದ ಪೈಪಿನ ಸ್ಟೇಜು, ಬಾಡಿಗೆಯ ಜನರೇಟರು, ಮಧ್ಯಾಹ್ನದ ಮಳೆಗೆ ತೊಯ್ದ ಹಲಗೆ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋದ ವಾಯರಿಗೆ ಎಲ್ಲಿಂದಲೋ ಕರೆಂಟು ಇಳಿದಿತ್ತು. ಕೋರಸ್ ಹಾಡಲು ವೃಷಭ ಮೈಕಿಗೆ ತುಟಿ ತಾಗಿಸಿದ್ದೇ ತಡ, ಮೈಯೆಲ್ಲ ಸೆಟೆದು ಗಿಟಾರಿನ ಸಮೇತ ಬಿದ್ದ. ಬಿದ್ದರೂ ಎಡಗೈ ಗಿಟಾರನ್ನು ಬಿಡಲಿಲ್ಲ. ಕೀಬೋರ್ಡಿನವನು ಓಡಿಬಂದು ವಾಯರ್ ಕಿತ್ತದ್ದರಿಂದ ಜೀವ ಉಳಿಯಿತು.

ಮರುದಿನ ತುಟಿಯ ಮೇಲಿನ ಕಪ್ಪು ಕಲೆಗೆ ಬಿಸಿ ಚಹಾ ಕಾರಣ ಎಂದು ಮನೆಯಲ್ಲಿ ಹೇಳಿದ. ಬೆರಳುಗಳ ಮೇಲಿನ ನಾಲ್ಕು ಗೆರೆಗಳಿಗೆ ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ರಾಜಪ್ಪನೇ ಬಿಸ್ಕೀಟಿನ ಪುಡಿಕೆ ಹಿಡಿದು ಆರೋಗ್ಯ ವಿಚಾರಿಸಲು ಬಂದುಬಿಟ್ಟ. “ದೊಡ್ಡ ಗಂಡಾಂತರ ತಪ್ಪತ್ರಿ ವೈನಿ,” ಎಂದು ಸರಿತಾಳ ಮುಂದೆ ಎಲ್ಲವನ್ನೂ ಹೇಳಿದ. ಸರಿತಾ ಅವನಿಗೆ ಚಹಾ ಕೊಟ್ಟಳು. ಕೈಕಾಲು ತೊಳೆದುಕೊಂಡು ನೇರವಾಗಿ ಬಸದಿಗೆ ಹೋದಳು.

ಆ ವರ್ಷ ಮೂಡಲಗಿಯಲ್ಲಿ ಮುನಿ ಮಹಾರಾಜರ ಚಾತುರ್ಮಾಸ. ಆರು ರಸಗಳಲ್ಲಿ ಒಂದನ್ನು ಬಿಡುವ ನೇಮ ಜೈನರ ಹೆಂಗಸರಿಗೆ ಹೊಸದೇನಲ್ಲ. ಯಾರೋ ತುಪ್ಪ ಬಿಟ್ಟಿರುತ್ತಾರೆ, ಯಾರೋ ಬೆಲ್ಲ. ಅವಕ್ಕೆಲ್ಲ ಹದಿನೈದು ದಿನ, ಒಂದು ತಿಂಗಳು ಎಂಬ ಗಡುವು ಇರುತ್ತದೆ. ಸರಿತಾ ಗಡುವು ಹಾಕಿಕೊಳ್ಳಲಿಲ್ಲ. ಆಗುತ್ತದೆಯೇ ತಾಯಿ ಎಂದು ಮಹಾರಾಜರು ಎರಡು ಸಲ ಕೇಳಿದರಂತೆ. ಆಗುತ್ತದೆ ಎಂದು ಕೈಮುಗಿದು ಬಂದವಳು, ಮಧ್ಯಾಹ್ನ ರೊಟ್ಟಿ ಹಾಕುತ್ತ ಎಲ್ಲರ ಮುಂದೆ ಹೇಳಿದಳು.

“ಇವತ್ತಿನಿಂದ ನನಗ ಉಪ್ಪಿಲ್ಲ. ಅವ ಕರೆಂಟಿನ ವಾಯರ್ ಕಟ್ಕೊಂಡು ಬಾರಿಸೂದು ಬಿಡೂತನಕ.”

“ಎಷ್ಟ ದಿನ?” ಎಂದ ಜಿನಪ್ಪ.

“ಅದನ್ನ ಅವನ್ನ ಕೇಳ್ರಿ.”

ವೃಷಭ ತುತ್ತನ್ನು ತಾಟಿಗೆ ಇಳಿಸಿದ. “ಹಂಗಾರ ಗಿಟಾರ್ ಬಿಡ್ಲೇನವ್ವಾ?”

“ಬಾರಿಸೂದು ಬಿಡು ಅಂತ ನಾ ಅಂದೀನೇನು? ನಾಕ ವರ್ಷ ಎಮ್ಮಿ ಹಾಲ ಮಾರಿ ಕೊಡಿಸೇನಿ ಅದನ್ನ. ವಾಯರ್ ಬಿಡು ಅಂದೀನಿ.”

ಗಿಟಾರ್ ಅಂದರೆ ಸರಿತಾಳಿಗೆ ಪ್ರೀತಿ. ಮಗ ಮನೆಯಲ್ಲಿ ಬಾರಿಸುತ್ತಿದ್ದರೆ ರೊಟ್ಟಿ ಬಡಿಯುವ ಕೈ ತಾನಾಗಿ ತಾಳಕ್ಕೆ ಬೀಳುತ್ತಿತ್ತು. ಅವಳಿಗೆ ಬೇಡವಾದದ್ದು ಮಗನ ಸಾವು, ಅಷ್ಟೇ.

ಜಿನಪ್ಪನಿಗೆ ಮಾತ್ರ ಇದು ಬೇರೆಯೇ ರೀತಿಯಲ್ಲಿ ನಾಟಿತು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಸೆಟ್ಟುಗಳ ಹೊಟ್ಟೆ ಬಗೆದು ಹೊಸ ತಾಮ್ರ ಸುತ್ತುವುದು ಮೂವತ್ತು ವರ್ಷದ ಕಸುಬು. ಕರೆಂಟಿನ ವಿಷಯದಲ್ಲಿ ಸುತ್ತಲ ಹತ್ತು ಹಳ್ಳಿಗೆ ಬುದ್ಧಿ ಹೇಳುವವನ ಮಗನಿಗೇ ಕರೆಂಟು ಹೊಡೆಯಿತೆಂದರೆ ಅಂಗಡಿಯಲ್ಲಿ ತಲೆಯೆತ್ತಿ ಕೂರುವುದು ಹೇಗೆ? ಎಲ್ಲ ಅರ್ಥಿಂಗಿನ ದೋಷ, ದಾರಿ ತಪ್ಪಿದ ಕರೆಂಟಿಗೆ ನೆಲಕ್ಕಿಳಿಯಲು ಜಾಗವಿರಲಿಲ್ಲ ಎಂದು ತೀರ್ಪು ಕೊಟ್ಟ. ಮುಂದಿನ ಕಾರ್ಯಕ್ರಮ ಕಣಗಲಾದಲ್ಲಿ ಇತ್ತು. ಜಿನಪ್ಪ ಆರ್ಕೆಸ್ಟ್ರಾದ ಟೆಂಪೋದಲ್ಲಿ ತಾನೂ ಹತ್ತಿದ. ಜೊತೆಗೆ ಒಂದು ತಾಮ್ರದ ಪಟ್ಟಿ, ಇದ್ದಿಲಿನ ಚೀಲ, ಇಪ್ಪತ್ತು ಕಿಲೋ ದಪ್ಪ ಉಪ್ಪು.

ಸ್ಟೇಜಿನ ಹಿಂದೆ ಸೊಂಟದುದ್ದ ಗುಂಡಿ ತೋಡಿಸಿ, ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕಿ, ನೀರು ಹೊಯ್ದು, ಪಟ್ಟಿ ಹೂತು, ಬಲ್ಬು ಹಚ್ಚಿ ಪರೀಕ್ಷೆ ಮಾಡಿದ. ಅಂದು ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದವನೇ ಹೆಂಡತಿಯ ಮುಂದೆ ಇದನ್ನೆಲ್ಲ ವರ್ಣಿಸಿ, ಇನ್ನು ಉಪ್ಪು ತಿನ್ನಲು ಅಡ್ಡಿಯಿಲ್ಲ ಎಂದ.

ಸರಿತಾ ಕೇಳಿದ್ದು ಒಂದೇ. “ವಾಯರ್ ಇತ್ತೋ ಇಲ್ಲೋ?”

“ಇತ್ತು. ಆದ್ರ ಅರ್ಥಿಂಗ್ ಮಾಡೀನಲ್ಲ.”

“ನೀವು ನೆಲಕ್ಕ ಉಪ್ಪ ಹಾಕಿದ್ರ ನನ್ನ ತಾಟಿನ್ಯಾಗ ಬೀಳೂದಿಲ್ಲರಿ.”

ಅದರ ಮುಂದಿನ ಕಾರ್ಯಕ್ರಮ ಒಂದು ಗುಡಿಯ ಕಲ್ಲು ಹಾಸಿದ ಅಂಗಳದಲ್ಲಿ ಬಂತು. ಗುದ್ದಲಿ ಹಾಕಲು ನೆಲವೇ ಇಲ್ಲ. ಉಳಿದರ್ಧ ಉಪ್ಪಿನ ಚೀಲ ಮನೆಗೆ ವಾಪಸಾಗಿ ಅಡುಗೆಮನೆಯ ಮೂಲೆಯಲ್ಲಿ ಕೂತಿತು. ಅಲ್ಲಿಂದ ಎತ್ತಿಡಲು ಯಾರಿಗೂ ಮನಸ್ಸಾಗಲಿಲ್ಲ. ಸರಿತಾ ದಿನವೂ ಅದರ ಪಕ್ಕದಲ್ಲೇ ಕೂತು ಸಪ್ಪೆ ಉಂಡಳು.

ದೀಪಾವಳಿಯ ಹೊತ್ತಿಗೆ ಅವಳ ಮೈ ಇಳಿದುಹೋಯಿತು. ಕೊಡ ಎತ್ತಿದರೆ ಕಣ್ಣು ಕತ್ತಲೆ, ಎಮ್ಮೆ ಹಿಂಡಲು ಕೂತರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಮೈಯಲ್ಲಿ ಉಪ್ಪು ಕಡಿಮೆಯಾಗಿದೆ, ಉಪ್ಪು ತಿನ್ನುವುದೊಂದೇ ಔಷಧ ಎಂದರು. ನೀರಿಗೆ ಕಲಸಿ ಕುಡಿಯಲು ಒಂದು ಪುಡಿ ಕೊಟ್ಟರು. ಅದರಲ್ಲಿ ಉಪ್ಪಿದೆಯೇ ಎಂದು ಸರಿತಾ ಶ್ರದ್ಧಾಳಿಂದ ಓದಿಸಿ, ಇದೆ ಎಂದಾಗ ಪುಡಿಕೆಯನ್ನು ಗೂಡಿನಲ್ಲಿಟ್ಟಳು.

ನೇಮ ಕೊಟ್ಟವರ ಹತ್ತಿರ ಹೋಗಿ ಸಡಿಲು ಮಾಡಿಸಿಕೊಂಡು ಬರೋಣವೆಂದು ಜಿನಪ್ಪ ಅಂದ. ಚಾತುರ್ಮಾಸ ಮುಗಿಸಿ ಮಹಾರಾಜರು ನಡೆಯುತ್ತ ಹುಕ್ಕೇರಿ ದಾಟಿದ್ದರು. ಬಸ್ಸು ಹಿಡಿದರೆ ಹೆದ್ದಾರಿಯಲ್ಲಿ ಸಿಗುತ್ತಿದ್ದರು. ಸರಿತಾ ಏಳಲಿಲ್ಲ. ಕೊಟ್ಟ ಮಾತಿನಲ್ಲಿ ಚೌಕಾಸಿ ಮಾಡಲು ತಾನೇನು ಬಜಾರಿಗೆ ಹೋಗಿದ್ದೆನೇ ಎಂದಳು. ಜಿನಪ್ಪನ ಸಿಟ್ಟು ತಿರುಗಿ ಮಗನ ಮೇಲೆ ಬಂತು. ಅವ್ವನಿಗಿಂತ ಆರ್ಕೆಸ್ಟ್ರಾ ಹೆಚ್ಚೇ, ನಾಳೆಯಿಂದ ಅಂಗಡಿಗೆ ಬಾ ಎಂದು ಜಿನಪ್ಪ ಗದರಿದ.

“ಎರಡ ವರ್ಷ ಬಂದಿದ್ನಲ್ಲಪ್ಪಾ. ನಾ ಸುತ್ತಿದ ಎಷ್ಟ ಮೋಟಾರ್ ತಿರಗಿ ಸುಟ್ಟು ಬಂದ್ವು, ನೀನ ಹೇಳು.”

ಜಿನಪ್ಪ ಮನಸ್ಸಿನಲ್ಲೇ ಎಣಿಸಿದ. ಹನ್ನೊಂದು ಬಂದಿದ್ದವು. ಗಿಟಾರಿನ ಮೇಲೆ ಅಷ್ಟು ನಾಜೂಕಾಗಿ ಓಡುವ ಬೆರಳುಗಳು ತಾಮ್ರದ ಸುರುಳಿಯ ಮೇಲೆ ಕಟ್ಟಿಗೆಯಾಗುತ್ತಿದ್ದವು. ಆರ್ಕೆಸ್ಟ್ರಾ ಬಿಟ್ಟರೆ ಹುಡುಗನಿಗೆ ಬೇರೆ ಅನ್ನವಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. “ಅವನ ಕೈಯಾಗ ಇರೂದು ಅದೊಂದ. ಅದನ್ನೂ ಕಸಗೋಬ್ಯಾಡ,” ಎಂದು ಬಾಳವ್ವ ಮೊಮ್ಮಗನ ಪರ ನಿಂತಳು.

ದಾರಿ ತೋರಿಸಿದವನು ರಾಜಪ್ಪ. ಆರ್ಕೆಸ್ಟ್ರಾದ ಹಾಡುಗಾರ್ತಿ ಭಾಗ್ಯಾಳ ಕೈಯಲ್ಲಿ ವಾಯರಿಲ್ಲದ ಮೈಕು ಇದೆಯಲ್ಲ, ಗಿಟಾರಿಗೂ ಅಂಥದೇ ಬರುತ್ತದೆ ಎಂದ. ಸೊಂಟಕ್ಕೆ ಒಂದು ಚಿಕ್ಕ ಡಬ್ಬಿ, ಅದಕ್ಕೊಂದು ಬ್ಯಾಟರಿ. ಆಂಪ್ಲಿಫೈಯರಿನ ಹತ್ತಿರ ಎರಡು ಕೊಂಬಿನ ಇನ್ನೊಂದು ಡಬ್ಬಿ. ನಡುವೆ ಬರೀ ಗಾಳಿ. ವೃಷಭ ತಾನೇ ಬೆಳಗಾವಿಗೆ ಹೋಗಿ ತರುತ್ತೇನೆಂದ. ಜಿನಪ್ಪ ಒಪ್ಪಲಿಲ್ಲ. ದುಡ್ಡು ಕೊಡುವವನು ತಾನು, ಯಂತ್ರ ಬಲ್ಲವನೂ ತಾನು. ಹೊರಡುವ ಮುಂಚೆ ಗೋಕಾಕಿಗೆ ಹೋಗಿ ಭಾಗ್ಯಾಳ ಮೈಕಿನ ಡಬ್ಬಿ ತಿರುವಿ, ಕಂಪನಿಯ ಹೆಸರನ್ನೂ ಹಿಂದೆ ಅಂಟಿಸಿದ್ದ ನಂಬರನ್ನೂ ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡ. ೧೯೫.೬.

ಬೆಳಗಾವಿಯಲ್ಲಿ ಅಂಗಡಿಯವನು ಅಪ್ಪ ಮಗನಿಗೆ ಎರಡು ನಮೂನೆ ತೋರಿಸಿದ. ಒಂದರಲ್ಲಿ ಗುಂಡಿ ತಿರುಗಿಸಿ ಹದಿನಾರು ನಂಬರಿನಲ್ಲಿ ಯಾವುದನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಬೆಲೆ ನಾಲ್ಕು ಪಟ್ಟು. ಇನ್ನೊಂದು ಅಗ್ಗದ್ದು, ಒಂದು ಡಬ್ಬಿಗೆ ಒಂದೇ ನಂಬರು. ಅಂಥವು ಮೂರು ಇದ್ದವು, ಮೂರಕ್ಕೂ ಬೇರೆ ಬೇರೆ ನಂಬರು. ವೃಷಭನ ಕಣ್ಣು ಗುಂಡಿಯಿದ್ದದ್ದರ ಮೇಲೆಯೇ ಇತ್ತು.

“ಹದಿನಾರ ನಂಬರ್ ಯಾಕ ಬೇಕೋ? ಮನಷ್ಯಾ ಒಬ್ಬ, ಗಿಟಾರ್ ಒಂದು,” ಎಂದ ಜಿನಪ್ಪ. ಕಿಸೆಯಿಂದ ಕಾಗದ ತೆಗೆದು ಅಗ್ಗದ ಡಬ್ಬಿಗಳನ್ನು ಒಂದೊಂದಾಗಿ ತಿರುವಿದ. ಮೂರನೆಯದರ ಹಿಂದೆ ೧೯೫.೬ ಸಿಕ್ಕಿತು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. “ಬೇರಿಂಗ್ ತಗೋ, ಕೆಪಾಸಿಟರ್ ತಗೋ, ಮೊದಲ ನಂಬರ್ ಹೊಂದಬೇಕು. ಅವರ ಸಾಮಾನಿಗೆ ಹೊಂದೂದ ನಾವೂ ಒಯ್ದೇವಂದ್ರ ಮುಂದ ತ್ರಾಸಿಲ್ಲ.”

ಇದೇ ನಂಬರು ಬೇಕೇ ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಜಿನಪ್ಪ ಮರಾಠಿಯಲ್ಲೇ ಹೌದೆಂದ. ಅಂಗಡಿಯವನು ಇನ್ನೊಮ್ಮೆ ಕೇಳಿ, ಭುಜ ಹಾರಿಸಿ ಬಿಲ್ಲು ಬರೆದ. ಎರಡು ಸಲ ಯಾಕೆ ಕೇಳಿದ ಎಂದು ವೃಷಭನಿಗೆ ಒಂದು ಗಳಿಗೆ ಅನಿಸಿತು. ಆದರೆ ಅಪ್ಪ ಗಿಟಾರಿಗೆಂದು ಜೀವನದಲ್ಲಿ ಮೊದಲ ಸಲ ಕಿಸೆಗೆ ಕೈ ಹಾಕಿದ್ದ. ಮನೆಯಲ್ಲಿ ಅವ್ವ ಸಪ್ಪೆ ಗಂಜಿ ಕುಡಿಯುತ್ತಿದ್ದಳು. ಹುಡುಗ ಡಬ್ಬಿ ಎತ್ತಿಕೊಂಡು ಅಪ್ಪನ ಹಿಂದೆ ನಡೆದ.

ಸಾಯಂಕಾಲ ಹೊತ್ತು ಮುಳುಗಲು ಇನ್ನೂ ತಾಸಿರುವಾಗ ಮನೆ ಮುಟ್ಟಿದರು. ಜಿನಪ್ಪನೇ ಡಬ್ಬಿ ಬಿಚ್ಚಿ, ಮಗನ ಸೊಂಟಕ್ಕೆ ಸಿಕ್ಕಿಸಿ, ಅವನನ್ನು ಓಣಿಗೆ ಕಳಿಸಿದ. ವೃಷಭ ಬೇವಿನ ಮರದ ಕೆಳಗೆ ನಿಂತು ಬಾರಿಸಿದರೆ ಸದ್ದು ಒಳಗೆ ಪಡಸಾಲೆಯಲ್ಲಿ ಬರುತ್ತಿತ್ತು. ಬಾಳವ್ವ ಒಮ್ಮೆ ಪಡಸಾಲೆ, ಒಮ್ಮೆ ಬಾಗಿಲು ಎಂದು ಓಡಾಡಿ, ಜಿನವಾಣಿಯಂತೆ ಎಲ್ಲೆಲ್ಲೂ ಕೇಳುತ್ತದಲ್ಲೋ ಎಂದು ಬೆರಗಾದಳು. ಸರಿತಾ ಮಾತ್ರ ಬಗ್ಗಿ, ಗಿಟಾರಿನಿಂದ ಸೊಂಟದ ಡಬ್ಬಿಗೆ ಹೋದ ಮೊಳದುದ್ದದ ಎಳೆಯನ್ನು ಹಿಡಿದಳು.

“ಇದೂ ವಾಯರ್ ಅಲ್ಲೇನು?”

“ಇದಕ್ಕ ಕರೆಂಟ್ ಇಲ್ಲವ್ವಾ. ಬರೇ ಬ್ಯಾಟರಿ. ಟಾರ್ಚ್ ಇದ್ದಂಗ.”

ಅವಳು ಮಗನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಗಿಟಾರಿನ ತಂತಿಗಳ ಮೇಲೆ ಇಡೀ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ನಿಂತಳು. ಒಳಗೆ ಝಣ್ಣೆಂದು ಒಮ್ಮೆ ಸದ್ದಾಯಿತು, ಅಷ್ಟೇ. ಕೈಮುಗಿದು ಒಳಗೆ ಹೋಗಿ ಊಟಕ್ಕೆ ಕೂತಳು. ಶ್ರದ್ಧಾ ಮೂಲೆಯ ಚೀಲದಿಂದಲೇ ಉಪ್ಪು ತೆಗೆದು, ಕುಟ್ಟಿ, ಅವ್ವನ ಬೇಳೆಗೆ ಹಾಕಿದಳು. ಮೊದಲ ತುತ್ತಿಗೆ ಸರಿತಾಳ ಕಣ್ಣಲ್ಲಿ ನೀರು ಬಂತು. “ಉಪ್ಪು ಇಷ್ಟ ಕಡಕ್ ಇರತೈತೇನು,” ಎಂದಳು. ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಉಂಡರು.

ಮೂರು ದಿನಕ್ಕೆ ಗೋಕಾಕ ಫಾಲ್ಸ್ ಕಾಲೋನಿಯಲ್ಲಿ ಕಾರ್ಯಕ್ರಮ. ವೃಷಭ ಡಬ್ಬಿ ಸಿಕ್ಕಿಸಿಕೊಂಡು ಮೆರೆಯುತ್ತ ಸ್ಟೇಜಿನ ತುದಿಗೆ ಬಂದು ಬಾರಿಸಿದ. ಭಾಗ್ಯಾ ತನ್ನ ಮೈಕಿನ ಗುಂಡಿ ಒತ್ತಿದಳು. ಸ್ಪೀಕರುಗಳಿಂದ ನಾಯಿ ಮೇಲೆ ಗಾಡಿ ಹಾಯ್ದಂತೆ ಒಂದು ಚೀತ್ಕಾರ ಹೊರಟಿತು. ಮೈಕು ಬಂದ್ ಮಾಡಿದರೆ ಗಿಟಾರ್ ಸರಿ, ಗಿಟಾರ್ ಬಂದ್ ಮಾಡಿದರೆ ಮೈಕು ಸರಿ. ಎರಡೂ ಕೂಡಿದರೆ ಚೀತ್ಕಾರ. ರಾಜಪ್ಪ ಎರಡೂ ಡಬ್ಬಿ ತಿರುವಿ ನೋಡಿ ಹಣೆ ಬಡಿದುಕೊಂಡ.

“ಇಬ್ಬರಿಗೂ ಒಂದ ನಂಬರ್ ಆದ್ರ ಒಂದರ ಮ್ಯಾಲ ಒಂದು ಬೀಳತಾವ. ಬ್ಯಾರೆ ನಂಬರಿಂದ ತರಬೇಕಾಗಿತ್ತೋ. ಯಾರ ಆರಿಸಿದ್ರು ಇದನ್ನ?”

ವೃಷಭ ಅಪ್ಪನ ಹೆಸರು ಹೇಳಲಿಲ್ಲ. ಭಾಗ್ಯಾಳ ಹತ್ತಿರ ಹೋಗಿ, ಅಕ್ಕಾ, ನೀವು ವಾಯರಿನ ಮೈಕು ಹಿಡಿಯಲಿಕ್ಕಾಗುತ್ತದೆಯೇ ಎಂದು ಕೇಳಿದ. ಹಾಡುತ್ತ ಜನರ ನಡುವೆ ಇಳಿದು ಹೋಗುವುದಕ್ಕೇ ಅವಳಿಗೆ ಬೇಡಿಕೆ. ಆದರೆ ಅವಳು ಹೇಳಿದ ಕಾರಣ ಅದಲ್ಲ.

“ನನಗೂ ಒಮ್ಮಿ ಹೊಡದೈತೋ ತಮ್ಮಾ. ಅದಕ್ಕ ಇದನ್ನ ತಗೊಂಡೀನಿ. ನನ್ನ ಹಿಂದನೂ ಎರಡ ಮಕ್ಕಳ ಅದಾವ.”

ರಾಜಪ್ಪ ಹಳೆಯ ವಾಯರನ್ನು ತಂದು ಗಿಟಾರಿಗೆ ಚುಚ್ಚಿದ. ವೃಷಭ ಮೈಕಿನಿಂದ ಮಾರು ದೂರ ನಿಂತು, ಯಾವುದಕ್ಕೂ ಮೈ ತಾಗಿಸದೆ ಬಾರಿಸಿದ. ಮರುದಿನವೇ ಯಾರಿಗೂ ಹೇಳದೆ ಬೆಳಗಾವಿಗೆ ಹೋದ. ಉಳಿದೆರಡು ಡಬ್ಬಿಗಳು ಅಷ್ಟರಲ್ಲಿ ಮಾರಿಹೋಗಿದ್ದವು. ಬಳಸಿದ ಮಾಲು ವಾಪಸ್ಸಿಲ್ಲ, ಹೊಸದು ಮುಂಬಯಿಯಿಂದ ಬರಬೇಕು, ಸಂಕ್ರಾಂತಿ ಆಗಲಿ ಎಂದ ಅಂಗಡಿಯವನು. ಗುಂಡಿಯದನ್ನು ಕೊಳ್ಳುವ ಮಾತು ಕನಸು. ವೃಷಭ ತನ್ನ ಕೈಯಲ್ಲಿದ್ದದ್ದನ್ನು ಮುಂಗಡವಾಗಿ ಕೊಟ್ಟು ಬಂದ. ಸಂಕ್ರಾಂತಿಯವರೆಗೆ ಹೇಗೋ ನೂಕಿದರಾಯಿತು, ಆಮೇಲೆ ಎಲ್ಲ ಖರೆಯಾಗುತ್ತದೆ ಎಂದುಕೊಂಡ. ಹಾವೂ ಸಾಯದೆ ಕೋಲೂ ಮುರಿಯದೆ ಇರಬೇಕೆಂದು ಲೆಕ್ಕ ಹಾಕುವವರು ಹೀಗೇ ಲೆಕ್ಕ ಹಾಕುತ್ತಾರೆ.

ಮನೆಯಲ್ಲಿ ಸರಿತಾ ದಿನದಿನಕ್ಕೆ ಚೇತರಿಸಿಕೊಂಡಳು. ಕೊಡ ಎತ್ತಿದಳು, ಅತ್ತೆಯೊಡನೆ ಜಗಳಕ್ಕೂ ಬಲ ಬಂತು. ಮಗ ಕಾರ್ಯಕ್ರಮಕ್ಕೆ ಹೊರಟಾಗಲೆಲ್ಲ ಬಾಗಿಲ ತನಕ ಬಂದು “ಡಬ್ಬಿ ತಗೊಂಡಿ?” ಎನ್ನುವಳು. ಬ್ಯಾಟರಿ ನಡುವೆ ಕೈಕೊಟ್ಟೀತೆಂದು ಹಾಲಿನ ದುಡ್ಡಿನಲ್ಲಿ ಪ್ರತಿ ಸಲವೂ ಒಂದು ಹೊಸ ಬ್ಯಾಟರಿ ತಂದು ಅವನ ಚೀಲಕ್ಕೆ ಹಾಕುವಳು. ವೃಷಭನಿಗೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಊಟಕ್ಕೆ ಕೂತರೆ ಅವ್ವನ ತಾಟಿನ ಕಡೆ ನೋಡುತ್ತಿರಲಿಲ್ಲ.

ಅವನು ಶ್ರದ್ಧಾಳ ಕೈಗೆ ಸಿಕ್ಕಿಬಿದ್ದದ್ದು ಆ ಬ್ಯಾಟರಿಗಳಿಂದಲೇ. ಒಗೆಯಲೆಂದು ಅಣ್ಣನ ಚೀಲ ಕೊಡವಿದಾಗ ಒಂಬತ್ತು ಉರುಳಿದವು, ಒಂದರ ಮೇಲಿನ ಹೊದಿಕೆಯೂ ಕಿತ್ತಿರಲಿಲ್ಲ. ಹಿತ್ತಲಿಗೆ ಕರೆದು ಕೇಳಿದಳು. ವೃಷಭ ಎಲ್ಲ ಹೇಳಿದ.

“ಅವ್ವ ತಿಂಗಳ ಮ್ಯಾಲಾತು ನೇಮ ಮುರಕೊಂಡ ಉಣ್ಣಾಕತ್ತಾಳಲ್ಲೋ. ತನಗ ಗೊತ್ತಿಲ್ದಂಗ.”

“ಹೇಳಿದ್ರ ಮತ್ತ ಉಪ್ಪ ಬಿಡ್ತಾಳ. ಆ ಡಾಕ್ಟರ್ ಅಂದದ್ದು ನೀನೂ ಕೇಳಿಯಲ್ಲ.”

“ಅಪ್ಪಗರ ಹೇಳು.”

“ನಂಬರ್ ಹೊಂದಿಸಿ ತಂದೀನಿ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಾಕತ್ತಾನ. ಹೆಂಗ ಹೇಳ್ಲಿ?”

ಶ್ರದ್ಧಾ ಬ್ಯಾಟರಿಗಳನ್ನು ಹಳೆಯ ಕಾಲುಚೀಲದಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟುಬಂದಳು. ಅಂದಿನಿಂದ ಅವಳೂ ಅವ್ವನ ತಾಟಿನ ಕಡೆ ನೋಡುವುದು ಬಿಟ್ಟಳು. ಸಂಕ್ರಾಂತಿ ಬಂತು, ಹೋಯಿತು. ಮುಂಬಯಿಯಿಂದ ಡಬ್ಬಿ ಬರಲಿಲ್ಲ. ಮುಂದಿನ ತಿಂಗಳು ನೋಡೋಣ ಎಂದ ಅಂಗಡಿಯವನು.

ಜನವರಿ ಕೊನೆಗೆ ಹುಕ್ಕೇರಿಯಲ್ಲಿ ಸರಿತಾಳ ಅಣ್ಣನ ಮಗಳು ಭಕ್ತಿಯ ಮದುವೆ. ಸೋದರಳಿಯನಿದ್ದಾನೆಂಬ ಪ್ರೀತಿಗೆ ಅವಳ ಅಣ್ಣ ಮದುವೆಗೆ ರಾಜಪ್ಪನ ಆರ್ಕೆಸ್ಟ್ರಾವನ್ನೇ ಹೇಳಿದ್ದ. ವೃಷಭ ಆ ದಿನ ಜ್ವರ ಬರಿಸಿಕೊಳ್ಳಲು ನೋಡಿದ, ಬರಲಿಲ್ಲ. ಕೊನೆಗೆ ಭಾಗ್ಯಾಳ ಕೈಕಾಲು ಹಿಡಿದು, ಒಂದು ತಾಸಿನ ಮಟ್ಟಿಗೆ ವಾಯರಿನ ಮೈಕಿನಲ್ಲಿ ಹಾಡಲು ಒಪ್ಪಿಸಿದ.

ಅಕ್ಷತೆ ಬಿದ್ದು, ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಾಡು ಶುರುವಾಯಿತು. ಸರಿತಾ ಹಸಿರು ಇಳಕಲ್ ಸೀರೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಾಳವ್ವ. ವೃಷಭ ಸೊಂಟದಲ್ಲಿ ಡಬ್ಬಿ ಸಿಕ್ಕಿಸಿಕೊಂಡು, ಯಾವ ವಾಯರೂ ಇಲ್ಲದೆ ಸ್ಟೇಜಿನಿಂದ ಇಳಿದು ಅವಳ ಮುಂದೆಯೇ ಬಂದು ಬಾರಿಸಿದ. ಮೂರು ಹಾಡು ಹಾಗೇ ನಡೆಯಿತು. ಸರಿತಾ ಪಕ್ಕದವಳಿಗೆ ಮಗನೆಂದು ತೋರಿಸಿದಳು. ಜಿನಪ್ಪ ಬೀಗರ ನಡುವೆ ನಿಂತು, ನಂಬರು ಹೊಂದಿಸುವುದರ ಮಹತ್ವ ವಿವರಿಸುತ್ತಿದ್ದ.

ನಾಲ್ಕನೆಯದಕ್ಕೆ ವೃಷಭನ ಮಾವ ಬಂದು, ಹಾಡುವವರು ಮದುಮಗಳ ಹತ್ತಿರ ಬಂದು ಹಾಡಲಿ ಎಂದ. ಯಜಮಾನ ಕೇಳಿದ ಮೇಲೆ ರಾಜಪ್ಪ ಇಲ್ಲವೆನ್ನುವುದುಂಟೇ? ಭಾಗ್ಯಾ ವೃಷಭನ ಕಡೆ ಒಮ್ಮೆ ನೋಡಿ, ತನ್ನ ಮೈಕು ಎತ್ತಿಕೊಂಡು ಗುಂಡಿ ಒತ್ತಿದಳು. ಪೆಂಡಾಲು ಕಿತ್ತುಹೋಗುವಂಥ ಚೀತ್ಕಾರ. ಮಕ್ಕಳು ಅತ್ತವು, ಬಡಿಸುವವರು ಕಿವಿ ಮುಚ್ಚಿಕೊಂಡರು. ರಾಜಪ್ಪ ಧಡಧಡ ಬಂದು ವೃಷಭನ ಸೊಂಟದ ಎಳೆ ಕಿತ್ತು, ಹಳೆಯ ಉದ್ದ ವಾಯರನ್ನು ಗಿಟಾರಿಗೆ ಚುಚ್ಚಿದ. ಮುಂದಿನ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಅಂದ.

“ದಿನಾ ಮಾಡೂದ ಮಾಡೋ ಮಾರಾಯ. ಇವತ್ತೇನ ಹೊಸಾ ಆಟ ಹೂಡಿ.”

ಹಾಡು ಮುಂದುವರಿಯಿತು. ಜಿನಪ್ಪ ಸ್ಟೇಜಿನ ಮಗ್ಗುಲಿಗೆ ಬಂದು, ಕನ್ನಡಕ ಏರಿಸಿ, ಮೊದಲು ಒಂದು ಡಬ್ಬಿ ತಿರುವಿದ, ಆಮೇಲೆ ಇನ್ನೊಂದು. ಎರಡರ ಹಿಂದೆಯೂ ೧೯೫.೬. ಮೂವತ್ತು ವರ್ಷದ ಮೆಕ್ಯಾನಿಕ್‌ಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು, ಹೋಗಿ ಗಂಡಸರ ಪಂಕ್ತಿಯಲ್ಲಿ ಕೂತ.

ಸರಿತಾ ಆಗಲೇ ಎದ್ದು ಹೆಂಗಸರ ಪಂಕ್ತಿಗೆ ಹೋಗಿದ್ದಳು. ಎಲೆಗೆ ಮೊದಲು ಬರುವುದು ಉಪ್ಪು. ಬಡಿಸುವವಳು ಬಗ್ಗಿದಾಗ ಸರಿತಾ ಎಲೆಯ ಮೂಲೆಯನ್ನು ಅಂಗೈಯಿಂದ ಮುಚ್ಚಿದಳು.

“ನಿಮ್ಮ ನೇಮ ಮುಗೀತಂತಲ್ಲರಿ?”

“ಮುಗದಿದ್ದಿಲ್ಲಂತ. ನನಗ ಇವತ್ತ ಗೊತ್ತಾತು.”

ಆಚೆ ಗಂಡಸರ ಪಂಕ್ತಿಯಲ್ಲಿ ಉಪ್ಪು ಜಿನಪ್ಪನ ಹತ್ತಿರ ಬಂದಾಗ ಅವನೂ ಕೈ ಅಡ್ಡ ಹಿಡಿದ. ನಿಮಗೇನು ಬಿ.ಪಿ. ಬಂತೇ ಎಂದು ಬೀಗರು ನಕ್ಕರು. ಅವನು ನಗಲಿಲ್ಲ. ಸ್ಟೇಜಿನ ಎತ್ತರದಿಂದ ವೃಷಭನಿಗೆ ಎರಡೂ ಪಂಕ್ತಿ ಕಾಣುತ್ತಿದ್ದವು, ಎರಡೂ ಕೈ ಕಾಣುತ್ತಿದ್ದವು. ಅವನ ಬೆರಳುಗಳು ಹಾಡು ಮುಗಿಯುವತನಕ ನಿಲ್ಲುವಂತಿರಲಿಲ್ಲ. ಕುಣಿಯುವವರು ಒನ್ಸ್ ಮೋರ್ ಎಂದರು, ಇನ್ನೊಮ್ಮೆ ಬಾರಿಸಿದ.

ಆರ್ಕೆಸ್ಟ್ರಾದವರಿಗೆ ಊಟ ಕೊನೆಯ ಪಂಕ್ತಿಯಲ್ಲಿ. ವೃಷಭ ಬೆವರಿನಲ್ಲಿ ತೊಯ್ದು ತಪ್ಪಡಿಯಾದ ಅಂಗಿಯಲ್ಲಿ ಬಂದು ಕೂತ. ಉಪ್ಪಿನ ತಾಟು ಹಿಡಿದು ಬಂದವಳು ಸರಿತಾ. ಬಡಿಸುವ ಹೆಂಗಸಿನ ಕೈಯಿಂದ ಕೇಳಿ ಇಸಕೊಂಡಿದ್ದಳು. ಅವನು ಎಲೆಯ ಮೇಲೆ ಕೈ ಇಟ್ಟ.

“ನನಗೂ ಬ್ಯಾಡವ್ವಾ.”

ಅವಳು ಮಗನ ಕೈಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟು, ಎಲೆಯ ಮೂಲೆಗೆ ಒಂದು ಚಿಟಿಕೆ ಉಪ್ಪು ಹಾಕಿದಳು.

“ನೀ ತಿನ್ನು. ಇಷ್ಟ ಬೆವತಿ. ಇನ್ನೂ ನಿಂತು ಬಾರಿಸೂದೈತಿ.”

“ನನ್ನ ತಪ್ಪಿಗೆ ನೀ ಎಷ್ಟ ದಿನ ಬಿಡ್ತಿ?”

“ಅದನ್ನ ನಾ ನಿನ್ನ ಕೇಳಬೇಕು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರ ಸಿಕ್ಕೀತೆಂದು ಒಂದು ಗಳಿಗೆ ನಿಂತಳು ಕೂಡ. ಆಮೇಲೆ ಮುಂದಿನ ಎಲೆಗೆ ಬಗ್ಗಿದಳು.

ಸ್ಟೇಜಿನ ಕಡೆಯಿಂದ ರಾಜಪ್ಪ ಬೇಗ ಮುಗಿಸಿ ಬರಲು ಕೂಗಿದ. ವೃಷಭ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟ. ಉಪ್ಪು ಸರಿಯಾಗಿತ್ತು.